ಒಳಕಲ್ಲಿನಲ್ಲಿ ನೀರು ಸಿಕ್ಕಿತೇ?

ಶಿವಗಂಗೆ ಬೆಟ್ಟದ ಮೆಟ್ಟಿಲ ಮಗ್ಗುಲಲ್ಲೊಂದು ಕಲ್ಲುಮಂಟಪ. ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತವರು ಮೂವರು ಎಂ.ಎ. ವಿದ್ಯಾರ್ಥಿಗಳು. ನಾಲ್ಕನೆಯವಳದು ಕೋತಿ ಕಾಯುವ ಕೆಲಸ: ಕೈಯಲ್ಲಿ ಕೋಲು, ಪಕ್ಕದಲ್ಲಿ ಉಪ್ಪುಖಾರ ಸವರಿದ ಸೌತೆಕಾಯಿ.

ಹೋದ ವಾರ ಒಳಕಲ್ ತೀರ್ಥದ ಬಳಿ ಭಕ್ತರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡ ಮಾತುಗಳು ಬರಹಕ್ಕಿಳಿದು, ಇವತ್ತು 'ಟ್ಯಾಗೆಟ್' ಎಂಬ ಉಚಿತ ತಂತ್ರಾಂಶದೊಳಗೆ ಕೂತಿವೆ. ಹಳೇ ಫಾಂಟಿನಲ್ಲಿ ಟೈಪಿಸಿದ ಒಂದು ಕಡತ ಮೊದಲು ಬರೀ ಗೀಚುಗೀಚಾಗಿ ತೆರೆದುಕೊಂಡಿತು. ಯುನಿಕೋಡಿಗೆ ಬದಲಿಸಿದ ಮೇಲೆ ಕನ್ನಡವಾಯಿತು. ಇನ್ನು ಸಾಲಿನ ಮೇಲೆ ಮೌಸ್ ಎಳೆದು ಅದಕ್ಕೊಂದು ಹೆಸರಿಡಬೇಕು. ಈ ಹೆಸರಿಡುವುದಕ್ಕೇ ಕೋಡಿಂಗ್ ಅನ್ನುತ್ತಾರೆ. ಮಗಳು ಕೋಡಿಂಗ್ ಕಲಿಯುತ್ತಿದ್ದಾಳೆಂದು ಕೇಳಿದ ಒಬ್ಬಳ ಅಪ್ಪ, ಸಾಫ್ಟ್‌ವೇರ್ ಕೆಲಸ ಸಿಕ್ಕಿಯೇಬಿಟ್ಟಿತೆಂದು ಊರಿಗೆಲ್ಲ ಹೇಳಿದ್ದಾರಂತೆ.

ಒಳಕಲ್ಲೆಂದರೆ ಬಂಡೆಯೊಳಗಿನ ಕುಳಿ. ತೋಳು ಇಳಿಬಿಟ್ಟರೆ ಪುಣ್ಯವಂತರ ಬೆರಳಿಗಷ್ಟೇ ನೀರು ತಾಗುತ್ತದೆಂಬುದು ನಂಬಿಕೆ. ಪರದೆಯ ಮೇಲಿರುವುದು ಒಬ್ಬ ತಾಯಿ ಮಾತಿನ ನಡುವೆ ಮಗನಿಗೆ ಹೇಳಿದ್ದು: "ಸಿಕ್ತು ಅನ್ನು, ಅಜ್ಜಿ ಕೇಳ್ತಾರೆ."

ಒಬ್ಬಳು 'ನಂಬಿಕೆ' ಎಂದು ಗುರುತು ಹಾಕಿದಳು. ಎರಡನೆಯವನು 'ಸುಳ್ಳು' ಅಂದ. ಮೂರನೆಯವಳು ಉಗುರು ಕಚ್ಚುತ್ತ 'ಮನೆ ಮರ್ಯಾದೆ' ಅಂದಳು. ತಂತ್ರಾಂಶ ಮೂರನ್ನೂ ತಕರಾರಿಲ್ಲದೆ ನುಂಗಿತು. ಯಾವ ಗುರುತು ಎಷ್ಟು ಸಲ ಬಿತ್ತೆಂಬ ಲೆಕ್ಕವನ್ನೂ ಕೊಟ್ಟಿತು. ಜಗಳ ಬಿಡಿಸಲು ಮಾತ್ರ ಬರಲಿಲ್ಲ. ಜೊತೆಗೆ ಬಂದಿದ್ದ ಮೇಷ್ಟ್ರಿಗೆ ಬೇಕಿದ್ದುದೂ ಜಗಳವೇ ಇರಬೇಕು. ಕಂಬಕ್ಕೆ ಒರಗಿ ಸುಮ್ಮನೆ ಮಜ್ಜಿಗೆ ಕುಡಿಯುತ್ತಿದ್ದರು.

ಬ್ಯಾಕಪ್ ಮಾಡಿಸುವಾಗ ಅವರು ತಪ್ಪದೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ನೆನೆಯುತ್ತಾರೆ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಕಲೆಹಾಕಿ, ವರ್ಷಗಟ್ಟಲೆ ವಿಂಗಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಸ್ಟಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಆಹುತಿಯಾದವು. ನೆನಪನ್ನೇ ನೆಚ್ಚಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಹುಡುಗರು ಈ ಕಥೆಯನ್ನು ಎಷ್ಟು ಸಲ ಕೇಳಿದ್ದಾರೋ. ಪೆನ್‌ಡ್ರೈವ್ ತಾನಾಗಿಯೇ ಹೊರಬಂತು.

"ಧ್ವನಿ ಹಾಕ್ರಪ್ಪಾ," ಎಂದರು ಮೇಷ್ಟ್ರು.

ಫೋನಿನಿಂದ ಗಾಳಿಯ ಸದ್ದು, ಗಂಟೆ, ಆಮೇಲೆ ತಾಯಿಯ ದನಿ. "ಸಿಕ್ತು ಅನ್ನು" ಎನ್ನುವ ಮುಂಚೆ ಆಕೆ ಕಿಸಕ್ಕನೆ ನಕ್ಕಿದ್ದಳು. ಬರಹದಲ್ಲಿ ಆ ನಗು ಇರಲಿಲ್ಲ.

"ನಗು ಎಲ್ಲಿ ಬಿಟ್ಟೆ?"

"ಅದು ಮಾತಲ್ವಲ್ಲ ಸಾರ್ ಅಂತ..." ಟೈಪಿಸಿದವನು ತಲೆ ಕೆರೆದುಕೊಂಡ.

ಇನ್ನೊಮ್ಮೆ ಹಾಕಿದರು. ಈಗ ಹುಡುಗನ ದನಿಯೂ ಸ್ಪಷ್ಟ: "ಸಿಕ್ತು," ಆಮೇಲೆ ತೀರಾ ಮೆಲ್ಲಗೆ, "ಸ್ವಲ್ಪ." ನಾಲ್ಕನೆಯವಳೂ ಕೋಲು ಕೆಳಗಿಟ್ಟು ಕಿವಿಗೊಟ್ಟಳು. ಸೌತೆಕಾಯಿ ಹೋಯಿತು.