ಗಡಸು ಉಕ್ಕಿಗೆ ಯಾವ ಉಳಿ?

ಆನೈಮಲೈ ತಪ್ಪಲಿನ ತೆಂಗಿನ ಸೀಮೆಯಲ್ಲಿ ನಾರು ಬಿಡಿಸುವ ಯಂತ್ರಗಳಿಗೂ ಪಂಪುಸೆಟ್ಟುಗಳಿಗೂ ಕೊರತೆಯಿಲ್ಲ. ಅವುಗಳ ಶಾಫ್ಟು ಸವೆದಾಗಲೆಲ್ಲ ಕೊಯಮತ್ತೂರಿಗೆ ಒಯ್ಯುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಮನೆಯಲ್ಲೇ ಸಣ್ಣ ಲೇತು ಇಟ್ಟುಕೊಂಡವರಿಗೆ ಅದೇ ಜೀವನೋಪಾಯ. ಆದರೆ ಕಾಸಿ ತಣಿಸಿ ಗಡಸುಗೊಳಿಸಿದ ಉಕ್ಕು ಎದುರಾದಾಗ ಸವೆಯುವುದು ಶಾಫ್ಟಲ್ಲ, ಉಳಿ.

ಗಡಸುತನ ಅಳೆಯುವ ಯಂತ್ರವಿಲ್ಲದವರಿಗೆ ಹೊಸದೊಂದು ಅರವೇ ಪರೀಕ್ಷಕ. ಅರ ಕಚ್ಚದೆ ಗಾಜಿನ ಮೇಲೆಂಬಂತೆ ಜಾರಿದರೆ ಆ ಉಕ್ಕು ರಾಕ್‌ವೆಲ್ ಸಿ ಮಾನದಲ್ಲಿ 60ರ ಆಸುಪಾಸಿನದು. ಅಲ್ಲಿ ಹೈಸ್ಪೀಡ್ ಉಕ್ಕಿನ ಉಳಿಯ ಆಟ ನಡೆಯದು. ಅದರ ಗಡಸುತನವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 600 ಡಿಗ್ರಿ ಶಾಖಕ್ಕೆ ಅದರ ಮೊನೆ ಮೆದುವಾಗುತ್ತದೆ. ಕಾರ್ಬೈಡ್ 45-50ರವರೆಗೆ ನಿಧಾನ ವೇಗದಲ್ಲಿ ಕೆಲಸ ಕೊಡುತ್ತದೆ. ಸೆರಾಮಿಕ್ ಶಾಖಕ್ಕೆ ಅಂಜದು, ಆದರೆ ಕೀಲಿಗಾಡಿ ಅಡ್ಡಬಂದರೆ ಆ ಪೆಟ್ಟಿಗೆ ಚೂರಾಗುತ್ತದೆ.

ಎಲ್ಲಕ್ಕೂ ಮೇಲಿನದು ಸಿಬಿಎನ್, ಎಂದರೆ ಘನಾಕೃತಿಯ ಬೋರಾನ್ ನೈಟ್ರೈಡ್. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ವೆಂಟಾರ್ಫ್ ಇದನ್ನು ಮೊದಲು ತಯಾರಿಸಿದರು. ಗಡಸುತನದಲ್ಲಿ ಇದು ವಜ್ರಕ್ಕೆ ಎರಡನೆಯದು. ವಜ್ರವನ್ನೇ ಏಕೆ ಬಳಸಬಾರದೆಂದರೆ, ವಜ್ರದ ಇಂಗಾಲವು ಕಾದ ಕಬ್ಬಿಣದಲ್ಲಿ ಕರಗಿಹೋಗುತ್ತದೆ.

(ಉಕ್ಕಿನ ಜ್ಞಾನ ಈ ನೆಲಕ್ಕೆ ಹೊಸದೇನಲ್ಲ. ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಹರಿಯುವ ನೊಯ್ಯಲ್ ನದಿಯ ದಂಡೆಯ ಕೊಡುಮಣಲಿನಲ್ಲಿ ಪ್ರಾಚೀನ ಕಬ್ಬಿಣ, ಉಕ್ಕಿನ ಕೆಲಸದ ಕುರುಹುಗಳು ದೊರೆತಿವೆ. ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿತೆಂಬುದು ಬಹುಮಂದಿ ವಿದ್ವಾಂಸರ ಮತ.)

ಆದರೆ ದುಬಾರಿ ಸಿಬಿಎನ್ ತುಣುಕನ್ನು ಕೊಂಡು ಹಳೆಯ ಲೇತಿಗೆ ಕಟ್ಟುವುದು ಎತ್ತಿನ ಗಾಡಿಗೆ ಕುದುರೆ ಕಟ್ಟಿದಂತೆ. ಲೇತು ನಡುಗಿದರೆ ಅದರ ಮೊನೆ ಮೊದಲ ಸುತ್ತಿನಲ್ಲೇ ಸಿಡಿಯಬಹುದು. ತಿಂಗಳ ಸಂಪಾದನೆಗೆ ಅದು ಸಣ್ಣ ಪೆಟ್ಟಲ್ಲ. ಆದ್ದರಿಂದ ಉಳಿಗಿಂತ ಮೊದಲು ಲೇತಿನ ಸಡಿಲವನ್ನು ಬಿಗಿಗೊಳಿಸಬೇಕು, ಉಳಿಯ ಹೊರಚಾಚನ್ನು ಕಡಿಮೆ ಮಾಡಬೇಕು. 50ರೊಳಗಿನ ಉಕ್ಕಿಗೆ ಚೂಪು ಮೊನೆಯ ಕಾರ್ಬೈಡ್ ಸಾಕು. ಒಂದು ಸಲಕ್ಕೆ 0.1-0.2 ಮಿ.ಮೀ. ಆಳ ಮಾತ್ರ. ಕಾದ ಮೊನೆಯ ಮೇಲೆ ಆಗಾಗ ನೀರು ಚಿಮುಕಿಸಿದರೆ ಅದು ಬಿರುಕುಬಿಡುತ್ತದೆ. ಒಣಗಿಯೇ ಕೊರೆಯುವುದು ಲೇಸು. ತಾವೇ ಹೊಸದಾಗಿ ಮಾಡುವ ಭಾಗವಾದರೆ ಮೆದುವಾಗಿದ್ದಾಗಲೇ ಕಡೆದು, ಹದಕೊಟ್ಟ ಮೇಲೆ ಉಳಿದ ಕೂದಲೆಳೆಯಷ್ಟನ್ನು ಸಾಣೆಯಲ್ಲಿ ತೆಗೆಯುವುದೇ ಜಾಣತನ.

ಕಾರ್ಬೈಡ್ ಉಳಿಯನ್ನು ಮಸೆಯಲು ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಸಾಣೆಗಲ್ಲನ್ನು ಬಳಸಬಹುದು. ಆ ಧೂಳಿನಲ್ಲಿರುವ ಕೋಬಾಲ್ಟ್ ಶ್ವಾಸಕೋಶಕ್ಕೆ ಕೇಡು. ಮಕ್ಕಳು ಮಲಗುವ ಮನೆಗೆ ಅಂಟಿಕೊಂಡ ಲೇತುಕೋಣೆಯಲ್ಲಿ ಸಾಣೆಯನ್ನು ಹೊರಗೆ, ಗಾಳಿಯಾಡುವ ಕಡೆ ಇಟ್ಟು, ಮೂಗಿಗೆ ಮುಸುಕು ಕಟ್ಟಿಯೇ ಮಸೆಯಬೇಕು.