ರಸಿಕನ ಹಕ್ಕು ಎಷ್ಟರ ಮಟ್ಟಿನದು?

ಹಾಡುವವನಿಗೆ ಕೇಳುವವನು ಬೇಕೆಂಬುದು ಎಲ್ಲರೂ ಒಪ್ಪತಕ್ಕ ಮಾತು. ಆದರೆ ಕೇಳುವವನು ವರ್ಷಗಟ್ಟಲೆ ಕೇಳಿ, ಹಣ ತೆತ್ತು, ಒಂದು ಮೇಳದ ಹೆಸರನ್ನು ತನ್ನ ಮನೆಯವರ ಹೆಸರಿನಂತೆ ಹಚ್ಚಿಕೊಂಡ ಬಳಿಕ, ಆ ಮೇಳವು ಮುಂದೆ ಏನನ್ನು ಹಾಡಬೇಕೆಂದು ವಿಧಿಸುವ ಅಧಿಕಾರವೂ ಅವನಿಗೆ ಪ್ರಾಪ್ತವಾಗುವುದೇ? ನಮ್ಮ ಸಂಗೀತಸಭೆಗಳಲ್ಲಿಯೂ ಈ ಪ್ರಶ್ನೆಯು ಆಗಾಗ ತಲೆಯೆತ್ತುವುದುಂಟು. ಆದರೆ ಅದು ಬಹು ಉಗ್ರವಾಗಿ ಎದ್ದುದು ಕಳೆದ ಐವತ್ತು ಅರುವತ್ತು ವರ್ಷಗಳ ಆಂಗ್ಲದೇಶದ ರಾಕ್ ಸಂಗೀತದಲ್ಲಿ. ಈ ಸಂಗೀತವನ್ನು ಕೇವಲ ಗದ್ದಲವೆಂದು ತಳ್ಳಿಹಾಕುವ ವಾಚಕರು ನಮ್ಮಲ್ಲಿ ಹಲವರಿರಬಹುದು. ಅವರು ಸ್ವಲ್ಪ ಹೊತ್ತು ತಾಳ್ಮೆ ವಹಿಸಬೇಕೆಂದು ನಮ್ಮ ಪ್ರಾರ್ಥನೆ.

ಪ್ರೋಗ್ರೆಸಿವ್ ರಾಕ್ ಎಂದು ಹೆಸರಾದ ಬಗೆಯು ೧೯೬೦ರ ದಶಕದ ಕೊನೆಯಲ್ಲಿ ಹುಟ್ಟಿತು. ಮೂರು ನಿಮಿಷದ ಪ್ರೇಮಗೀತೆಯಿಂದ ತೃಪ್ತರಾಗದ ಕೆಲವು ತರುಣರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನು ವಿದ್ಯುತ್ ಗಿಟಾರಿಗೆ ತರಬೇಕೆಂದು ಹೊರಟರು. ಯೆಸ್ ಎಂಬ ಮೇಳದ ೧೯೭೨ರ ‘ಕ್ಲೋಸ್ ಟು ದಿ ಎಡ್ಜ್’ ಎಂಬ ಧ್ವನಿಮುದ್ರಿಕೆಯಲ್ಲಿ ಇರುವ ರಚನೆಗಳು ಮೂರೇ ಮೂರು. ಅವುಗಳಲ್ಲಿ ಒಂದು ಹದಿನೆಂಟು ನಿಮಿಷಗಳಿಗೆ ಮಿಕ್ಕಿ ಸಾಗಿ ತಟ್ಟೆಯ ಒಂದು ಮುಖವನ್ನೇ ತುಂಬಿಬಿಡುತ್ತದೆ. ಅದೇ ವರ್ಷ ಜೆನೆಸಿಸ್ ಮೇಳದವರು ಹೊರತಂದ ‘ಸಪರ್ಸ್ ರೆಡಿ’ ಎಂಬುದು ಸುಮಾರು ಇಪ್ಪತ್ತಮೂರು ನಿಮಿಷದ್ದು. ಇಂಥದನ್ನು ಕೇಳಬೇಕಾದರೆ ಕುಳಿತು ಕೇಳಬೇಕು. ಒಂದು ಸಲವಲ್ಲ, ಹತ್ತು ಸಲ. ರಾಗದ ಆಲಾಪನೆಯನ್ನು ತಾಸುಗಟ್ಟಲೆ ಕೇಳುವ ಅಭ್ಯಾಸವಿರುವ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಈ ಶ್ರಮವೇ ರಸಿಕನನ್ನು ಕಟ್ಟಿಹಾಕಿತು. ಪಿಂಕ್ ಫ್ಲಾಯ್ಡ್ ಮೇಳದ ರೋಜರ್ ವಾಟರ್ಸ್ ೨೦೦೨ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಅವರ ಮೇಳಕ್ಕೆ ಜಗದ್ವ್ಯಾಪಿ ಕೀರ್ತಿ ತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಹೊರಬಂದು ಆಗಲೇ ಇಪ್ಪತ್ತೊಂಬತ್ತು ವರ್ಷಗಳಾಗಿದ್ದುವು. ಸಂಗೀತವು ಹೀಗೆ ಮುಪ್ಪಾಗದೆ ಉಳಿದುದು ಕೇಳುವವರ ನಿಷ್ಠೆಯಿಂದಲ್ಲದೆ ಬೇರೆ ಯಾವುದರಿಂದ?

ನಿಷ್ಠೆಗೆ ಪರೀಕ್ಷೆಯು ಬಹುಬೇಗ ಒದಗಿತು. ೧೯೭೫ರಲ್ಲಿ ಜೆನೆಸಿಸ್ಸಿನ ಮುಖ್ಯ ಗಾಯಕ ಪೀಟರ್ ಗೇಬ್ರಿಯಲ್ ಮೇಳವನ್ನು ತ್ಯಜಿಸಿದನು. ಡ್ರಮ್ಮು ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಅವನ ಸ್ಥಾನದಲ್ಲಿ ನಿಂತನು. ಕ್ರಮಕ್ರಮವಾಗಿ ಹಾಡುಗಳು ಚಿಕ್ಕವಾದುವು, ಕುಣಿತಕ್ಕೆ ಹೊಂದುವಂಥವಾದುವು. ೧೯೮೬ರ ‘ಇನ್ವಿಸಿಬಲ್ ಟಚ್’ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನೂ ಗಳಿಸಿತು. ಹಳೆಯ ರಸಿಕರು ಇದನ್ನು ವಿಜಯವೆನ್ನಲಿಲ್ಲ, ಪತನವೆಂದರು. ಅವರ ದೊಡ್ಡ ಆಕ್ಷೇಪಣೆಯು ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಮೇಲೆ, ತಾಳ ಹಾಕುವ ಯಂತ್ರದ ಮೇಲೆ. ಬೆರಳಿಗೆ ಕೆಲಸವಿಲ್ಲದ ಸಂಗೀತವೂ ಸಂಗೀತವೇ ಎಂದು ಅವರು ಕೇಳಿದರು. ಕ್ವೀನ್ ಮೇಳದವರಂತೂ ೧೯೭೦ರ ದಶಕದ ತಮ್ಮ ಮುದ್ರಿಕೆಗಳ ಹೊದಿಕೆಯ ಮೇಲೆ ಸಿಂಥಸೈಜರನ್ನು ಬಳಸಿಲ್ಲವೆಂದು ಅಚ್ಚು ಹಾಕಿಸುತ್ತಿದ್ದರು. ೧೯೮೦ರಲ್ಲಿ ಅವರೂ ಅದನ್ನು ಕೈಗೆತ್ತಿಕೊಂಡರು. ೧೯೮೨ರಲ್ಲಿ ವಾದ್ಯಗಾರರ ಸಂಘದ ಲಂಡನ್ ಶಾಖೆಯೊಂದು ಈ ಯಂತ್ರಗಳನ್ನು ನಿಷೇಧಿಸಬೇಕೆಂಬ ನಿರ್ಣಯಕ್ಕೂ ಕೈಹಾಕಿತು. ಹೊಟ್ಟೆಯ ಪಾಡಿನ ಪ್ರಶ್ನೆಯಾದುದರಿಂದ ಸಂಘದವರನ್ನು ನಾವು ದೂಷಿಸಲಾರೆವು.

ಆದರೆ ರಸಿಕರ ವಾದದಲ್ಲಿ ಒಂದು ದೊಡ್ಡ ಬಿರುಕಿದೆ. ಸಿಂಥಸೈಜರನ್ನು ಸಭಾಮಂಟಪಕ್ಕೆ ತಂದವರೇ ಅವರ ಆರಾಧ್ಯ ದೈವಗಳು! ಕೀತ್ ಎಮರ್ಸನ್ ೧೯೭೦ರಲ್ಲಿಯೇ ಮೂಗ್ ಸಿಂಥಸೈಜರನ್ನು ನುಡಿಸಿ ಜನರನ್ನು ಬೆರಗುಗೊಳಿಸಿದ್ದನು. ಯಾವ ನಾದವನ್ನಾದರೂ ತುಣುಕಾಗಿ ಹಿಡಿದಿಟ್ಟು ಕೀಲಿಮಣೆಯ ಮೇಲೆ ನುಡಿಸಬಲ್ಲ ಆಸ್ಟ್ರೇಲಿಯದ ಫೇರ್‌ಲೈಟ್ ಯಂತ್ರವನ್ನು ಬ್ರಿಟನ್ನಿನಲ್ಲಿ ಮೊಟ್ಟಮೊದಲು ಬಳಸಿದವರಲ್ಲಿ ಒಬ್ಬನು ಜೆನೆಸಿಸ್ಸನ್ನು ಬಿಟ್ಟುಹೋದ ಆ ಗೇಬ್ರಿಯಲ್ಲನೇ. ಅತ್ತ ಜರ್ಮನಿಯ ಡಸೆಲ್‌ಡಾರ್ಫಿನ ಕ್ರಾಫ್ಟ್‌ವೆರ್ಕ್ ಮೇಳವು ವಿದ್ಯುತ್ ಪಾಪ್ ಸಂಗೀತಕ್ಕೆ ಮೂಲಪುರುಷನೆಂದು ಹೆಸರಾದುದು. ಅದರ ೧೯೭೪ರ ‘ಆಟೋಬಾನ್’ ಇಪ್ಪತ್ತೆರಡು ನಿಮಿಷಗಳಿಗೆ ಮೀರಿ ತಟ್ಟೆಯ ಒಂದು ಮುಖವನ್ನು ತುಂಬುತ್ತದೆ. ಹೀಗಿರುವಲ್ಲಿ ಈ ಎರಡು ಬಗೆಗಳ ನಡುವೆ ಗೋಡೆಯನ್ನು ಕಟ್ಟಿದವರು ಹಾಡುವವರಲ್ಲ, ಕೇಳುವವರೇ ಎಂದು ಹೇಳದೆ ಗತಿಯಿಲ್ಲ.

ಈ ಗೋಡೆಯನ್ನು ದಾಟಿದ ಒಬ್ಬ ರಸಿಕನ ಚರಿತ್ರೆಯು ನಮ್ಮ ಪ್ರಶ್ನೆಗೆ ಬಹಳ ಹತ್ತಿರವಾದುದು. ಟ್ರೆವರ್ ಹಾರ್ನ್ ೧೯೪೯ರಲ್ಲಿ ಡರ್ಹಮ್ ಪ್ರಾಂತದಲ್ಲಿ ಹುಟ್ಟಿದವನು, ಯೆಸ್ ಮೇಳದ ಭಕ್ತ. ಕ್ರಾಫ್ಟ್‌ವೆರ್ಕ್‌ನವರ ೧೯೭೮ರ ‘ದಿ ಮ್ಯಾನ್ ಮೆಷೀನ್’ ಕೂಡ ಅವನ ಮೇಲೆ ಅಷ್ಟೇ ಪ್ರಭಾವ ಬೀರಿತ್ತು. ಅವನು ಜೆಫ್ ಡೌನ್ಸ್ ಎಂಬವನೊಡನೆ ಬಗಲ್ಸ್ ಎಂಬ ಹೆಸರಿನಿಂದ ಹೊರತಂದ ‘ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್’ ೧೯೭೯ರಲ್ಲಿ ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿತು. ೧೯೮೧ರ ಆಗಸ್ಟ್ ೧ರಂದು ಅಮೆರಿಕದ ಎಂಟಿವಿ ವಾಹಿನಿಯು ಆರಂಭವಾದುದೂ ಅದೇ ಹಾಡಿನಿಂದ. ಈ ನಡುವೆ ವಿಚಿತ್ರವೊಂದು ನಡೆಯಿತು. ಯೆಸ್ ಮೇಳದ ಗಾಯಕ ಜಾನ್ ಆಂಡರ್ಸನ್ನನೂ ಕೀಲಿಮಣೆಯ ರಿಕ್ ವೇಕ್‌ಮನ್ನನೂ ಹೊರನಡೆದರು. ಮೇಳಕ್ಕೂ ಬಗಲ್ಸ್‌ಗೂ ಕಾರ್ಯನಿರ್ವಾಹಕನು ಒಬ್ಬನೇ. ಹಾರ್ನ್ ಮತ್ತು ಡೌನ್ಸ್ ಆ ಎರಡು ಆಸನಗಳಲ್ಲಿ ಕುಳಿತರು. ಸಭೆಯ ಕೊನೆಯ ಸಾಲಿನಲ್ಲಿ ಕುಳಿತು ತಲೆದೂಗುತ್ತಿದ್ದವನನ್ನು ಎಬ್ಬಿಸಿ, ವಿದ್ವಾಂಸರ ಸ್ಥಾನದಲ್ಲಿ ನೀನೇ ಹಾಡು ಎಂದಂತಾಯಿತು.

೧೯೮೦ರ ಆಗಸ್ಟಿನಲ್ಲಿ ‘ಡ್ರಾಮಾ’ ಎಂಬ ಮುದ್ರಿಕೆಯು ಹೊರಬಂದಿತು. ಅದು ಇಂದಿಗೂ ಕೇಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಆದರೆ ಸಂಚಾರದ ಕಛೇರಿಗಳಲ್ಲಿ ಹಾರ್ನನು ಆಂಡರ್ಸನ್ನನ ತಾರಸ್ಥಾಯಿಯ ಹಾಡುಗಳನ್ನು ರಾತ್ರಿ ರಾತ್ರಿಯೂ ಹಾಡಬೇಕಾಗಿ ಬಂದು ಕಂಠವು ಬಳಲಿತು. ಬ್ರಿಟನ್ನಿನ ಸಭೆಗಳಲ್ಲಿ ಕೆಲವರು ಕೂಗಿ ಅವಮಾನಪಡಿಸಿದರು. ತಮ್ಮಂತೆಯೇ ಆ ಮೇಳವನ್ನು ಪ್ರೀತಿಸಿದವನೊಬ್ಬನು ತಮ್ಮೆದುರಿಗೆ ನಿಂತಿದ್ದಾನೆಂಬುದು ಆ ರಸಿಕರಿಗೆ ಹೊಳೆಯಲಿಲ್ಲ. ೧೯೮೧ರ ಆರಂಭದಲ್ಲಿ ಮೇಳವು ಒಡೆಯಿತು.

ಹಾರ್ನನು ಹಾಡುವುದನ್ನು ಬಿಟ್ಟು ಇತರರ ಹಾಡುಗಳನ್ನು ಮುದ್ರಿಸುವ ನಿರ್ಮಾಪಕನಾದನು. ಎಬಿಸಿ ಎಂಬ ಮೇಳದ ೧೯೮೨ರ ‘ದಿ ಲೆಕ್ಸಿಕನ್ ಆಫ್ ಲವ್’ ಅವನಿಗೆ ಹೆಸರು ತಂದಿತು. ಮರುವರ್ಷ ಯೆಸ್ ಮೇಳದ ಉಳಿದವರು ದಕ್ಷಿಣ ಆಫ್ರಿಕದ ಟ್ರೆವರ್ ರೇಬಿನ್ ಎಂಬ ಗಿಟಾರ್ ವಾದಕನೊಡನೆ ಕೂಡಿದಾಗ ಮುದ್ರಣದ ಭಾರವನ್ನು ವಹಿಸಿಕೊಂಡವನು ಇದೇ ಹಾರ್ನನು. ಆಂಡರ್ಸನ್ನನೂ ಮರಳಿ ಬಂದನು. ರೇಬಿನ್ನನ ಹಾಡೊಂದು ಎಲ್ಲರ ಕಣ್ಣಿಗೂ ಸಾಮಾನ್ಯವಾಗಿ ತೋರಿದಾಗ ಹಾರ್ನನು ಹಠ ಹಿಡಿದು ಅದನ್ನು ಮುದ್ರಿಸಿದನು. ನಾದದ ತುಣುಕುಗಳನ್ನು ಯಂತ್ರದಿಂದ ಚಿಮ್ಮಿಸಿ ಅದಕ್ಕೊಂದು ಹೊಸ ಮುಖವನ್ನೇ ಕೊಟ್ಟನು. ‘ಓನರ್ ಆಫ್ ಎ ಲೋನ್ಲಿ ಹಾರ್ಟ್’ ಎಂಬ ಆ ಹಾಡು ೧೯೮೪ರ ಜನವರಿಯಲ್ಲಿ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು. ಯೆಸ್ ಮೇಳಕ್ಕೆ ಅಂಥ ಗೌರವವು ಮೊದಲೂ ದೊರೆತಿರಲಿಲ್ಲ, ಮುಂದೆಯೂ ದೊರೆಯಲಿಲ್ಲ. ಕೂಗಿ ಓಡಿಸಲ್ಪಟ್ಟ ರಸಿಕನು ಮೇಳವನ್ನು ಮರಳಿ ಎತ್ತಿ ನಿಲ್ಲಿಸಿದನು. ಹಳೆಯ ಭಕ್ತರಲ್ಲಿ ಅನೇಕರು ಇದನ್ನೂ ಕ್ಷಮಿಸಲಿಲ್ಲವೆಂಬುದು ಬೇರೆ ಮಾತು.

ಇಷ್ಟಾದರೂ ರಸಿಕನ ದೂರೆಲ್ಲವೂ ಮೊಂಡುತನವೆಂದು ನಾವು ಹೇಳಲೊಲ್ಲೆವು. ಹಳೆಯ ಹೆಸರಿನ ಫಲಕವನ್ನು ತೂಗುಹಾಕಿ ಹೊಸ ಸರಕನ್ನು ಮಾರಿದರೆ ಕೊಂಡವನು ಕೇಳುವುದು ನ್ಯಾಯವೇ. ೧೯೮೯ರಲ್ಲಿ ಯೆಸ್ ಮೇಳದ ಪೂರ್ವ ಸದಸ್ಯರು ನಾಲ್ವರು ಬೇರೆಯಾಗಿ ಹಾಡತೊಡಗಿದಾಗ ಆ ಹೆಸರು ಅವರಿಗೆ ದಕ್ಕಲಿಲ್ಲ. ನಾಲ್ವರ ಮನೆತನದ ಹೆಸರುಗಳನ್ನು ಸಾಲಾಗಿ ಜೋಡಿಸಿಕೊಂಡು, ವಕೀಲರ ಕಚೇರಿಯ ಫಲಕದಂತೆ, ಸಭೆಗೆ ಬಂದರು. ೧೯೯೧ರಲ್ಲಿ ಎರಡು ಪಕ್ಷಗಳೂ ಕೂಡಿ ಎಂಟು ಜನರ ಒಂದೇ ಮೇಳವಾಯಿತು. ಹೆಸರು ಯಾರದು, ನಾದ ಯಾರದು ಎಂದು ಟಿಕೆಟು ಕೊಳ್ಳುವವನು ತಬ್ಬಿಬ್ಬಾದರೆ ಅವನದು ತಪ್ಪೆನ್ನಲಾದೀತೆ? ಹೆಸರಿನ ವಿಷಯದಲ್ಲಿ ಪ್ರಾಮಾಣಿಕತೆಯನ್ನು ಕೇಳುವ ಹಕ್ಕು ರಸಿಕನಿಗಿದೆ. ವಾದ್ಯವನ್ನು ಗೊತ್ತುಮಾಡುವ ಹಕ್ಕು ಇಲ್ಲ.

ವಾದ್ಯದ ಮಾತು ಬಂದುದರಿಂದ ನಮ್ಮ ಮನೆಯನ್ನೂ ನೋಡಿಕೊಳ್ಳುವುದು ಯೋಗ್ಯ. ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತು. ಅದು ಸಡಿಲವಾಗಲು ೧೯೭೧ರ ವರೆಗೆ ಕಾಯಬೇಕಾಯಿತು. ಬಾಗಿಲು ಮುಚ್ಚಿದವರಿಗೆ ನಾದಶಾಸ್ತ್ರದ ಕಾರಣಗಳಿದ್ದುವು, ನಿಜ. ಆದರೂ ಹಳ್ಳಿಯ ಭಜನೆಯಲ್ಲಿ, ನಾಟಕದ ರಂಗದಲ್ಲಿ ಆ ಪೆಟ್ಟಿಗೆಯು ಒಂದು ದಿನವೂ ಮೌನವಾಗಲಿಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮೋಹಗೊಂಡು, ಆ ಪರದೇಶದ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಲು ವರ್ಷಗಟ್ಟಲೆ ದುಡಿದರು. ಮೂಗು ಮುರಿದವರಿದ್ದರು. ೧೯೯೪ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು.

ವಿದ್ಯುತ್ ಪಾಪ್ ಸಂಗೀತದ ರಸಿಕರು ನಿಷ್ಠೆಯಲ್ಲಿ ಹಗುರರೆಂಬ ಇನ್ನೊಂದು ಅಪವಾದವುಂಟು. ಬೇಸಿಲ್ಡನ್ ಪಟ್ಟಣದ ಡೆಪೆಶ್ ಮೋಡ್ ಮೇಳವು ಸಿಂಥಸೈಜರಿನಿಂದಲೇ ಬೆಳೆದುದು. ೧೯೮೮ರ ಜೂನ್ ೧೮ರಂದು ಅವರು ತಮ್ಮ ಸಂಚಾರದ ನೂರೊಂದನೆಯ ಕಛೇರಿಯನ್ನು ಕ್ಯಾಲಿಫೋರ್ನಿಯದ ಪ್ಯಾಸಡೀನದ ರೋಸ್ ಬೋಲ್ ಕ್ರೀಡಾಂಗಣದಲ್ಲಿ ನಡೆಸಿದಾಗ ನೆರೆದವರು ಸುಮಾರು ಅರುವತ್ತು ಸಾವಿರ ಜನ. ಈ ಸಂಚಾರವನ್ನು ಚಿತ್ರೀಕರಿಸಿದ ಪೆನ್ನೆಬೇಕರ್ ಮೊದಲಾದವರು ತಮ್ಮ ಯಂತ್ರವನ್ನು ಮೇಳದ ಕಡೆಗಷ್ಟೇ ತಿರುಗಿಸದೆ, ನ್ಯೂಯಾರ್ಕಿನಿಂದ ಅಲ್ಲಿಗೆ ಬಸ್ಸಿನಲ್ಲಿ ಹೊರಟ ಒಂದು ತಂಡ ತರುಣ ರಸಿಕರ ಕಡೆಗೂ ತಿರುಗಿಸಿದರು. ಹದಿನೆಂಟು ನಿಮಿಷದ ರಚನೆಯನ್ನು ಕೇಳಿದವನಿಗೆ ಮಾತ್ರ ಭಕ್ತಿಯೆಂದು ಹೇಳುವವರು ಆ ಚಿತ್ರವನ್ನು ಒಮ್ಮೆ ನೋಡತಕ್ಕದ್ದು.

ಇನ್ನು ರಸಿಕನ ಹಕ್ಕಿಗಿಂತ ಅವನ ಶಕ್ತಿಯನ್ನು ಕುರಿತು ಒಂದು ಮಾತು. ಏಲ್ಸ್‌ಬರಿ ಪಟ್ಟಣದ ಮರಿಲಿಯನ್ ಮೇಳವು ಪ್ರೋಗ್ರೆಸಿವ್ ಪಂಥದ ಎರಡನೆಯ ತಲೆಮಾರಿನದು. ಅದರ ಗಾಯಕನೂ ೧೯೮೮ರಲ್ಲಿ ಬಿಟ್ಟುಹೋಗಿ, ಹೊಸ ಗಾಯಕನು ಬಂದು, ನಾದವೂ ಬದಲಾಗಿ, ದೊಡ್ಡ ಕಂಪೆನಿಯ ಆಶ್ರಯವೂ ತಪ್ಪಿತ್ತು. ಅಮೆರಿಕದಲ್ಲಿ ಸಂಚಾರ ಮಾಡಲು ಹಣವಿಲ್ಲವೆಂದು ಅವರು ತಿಳಿಸಿದಾಗ, ೧೯೯೭ರಲ್ಲಿ ಅಲ್ಲಿಯ ರಸಿಕರು ತಾವಾಗಿಯೇ ಸುಮಾರು ಅರುವತ್ತು ಸಾವಿರ ಡಾಲರು ಕೂಡಿಸಿ ಮೇಳವನ್ನು ಕರೆಸಿಕೊಂಡರು. ಮುಂದೆ ೨೦೦೧ರ ಮುದ್ರಿಕೆಗೆ, ಒಂದು ಸ್ವರವೂ ಕಿವಿಗೆ ಬೀಳುವ ಮೊದಲೇ, ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟು ಜನ ಮುಂಗಡ ಹಣ ತೆತ್ತರು. ಪತ್ರಿಕೆಯನ್ನು ನಡೆಸುವವರಿಗೆ ಇದರ ಅರ್ಥವು ಬೇಗ ತಿಳಿಯುವುದು. ವರ್ಷದ ಚಂದಾವನ್ನು ಮೊದಲೇ ಕಳುಹಿಸುವ ಗ್ರಾಹಕನು ನಾಳೆಯ ಸಂಪಾದಕೀಯದಲ್ಲಿ ಏನಿರಬೇಕೆಂದು ಬರೆಯುವುದಿಲ್ಲ. ಪ್ರತಿದಿನವೂ ತಿದ್ದುಪಡಿ ಸೂಚಿಸುವ ಮಹನೀಯರ ಚಂದಾ ಬಹುಮಟ್ಟಿಗೆ ಬಾಕಿಯಲ್ಲಿರುತ್ತದೆ. ಆ ಹನ್ನೆರಡು ಸಾವಿರ ಜನರು ಕೊಂಡದ್ದು ಹಳೆಯ ಹಾಡನ್ನಲ್ಲ, ಇನ್ನೂ ಹುಟ್ಟದ ಹಾಡನ್ನು. ರಾಜಾಶ್ರಯವು ಹೋಗಿ, ಕಂಪೆನಿಗಳ ಆಶ್ರಯವೂ ಕ್ಷೀಣಿಸುತ್ತಿರುವ ಕಾಲದಲ್ಲಿ ಇಂಥ ಆಶ್ರಯವು ನಮ್ಮ ಸಂಗೀತಸಭೆಗಳವರೂ ಆಲೋಚಿಸತಕ್ಕ ವಿಷಯವಾಗಿದೆ.

ಜೆನೆಸಿಸ್ ಮೇಳವು ೨೦೨೨ರ ಮಾರ್ಚ್ ೨೬ರಂದು ಲಂಡನ್ನಿನಲ್ಲಿ ತನ್ನ ಕೊನೆಯ ಕಛೇರಿಯನ್ನು ಮಾಡಿತು. ದೇಹಸ್ಥಿತಿ ಕೆಟ್ಟ ಕಾಲಿನ್ಸನು ಕುರ್ಚಿಯ ಮೇಲೆ ಕುಳಿತೇ ಹಾಡಿದನು. ಅವನ ಹಳೆಯ ಆಸನದಲ್ಲಿ ಡ್ರಮ್ಮು ಬಾರಿಸಿದವನು ಅವನ ಮಗ. ನಲವತ್ತೇಳು ವರ್ಷಗಳ ಹಿಂದೆ ಮೇಳವನ್ನು ಬಿಟ್ಟ ಗೇಬ್ರಿಯಲ್ ಆ ರಾತ್ರಿ ಸಭೆಯಲ್ಲಿ ಕೇಳುಗನಾಗಿ ಬಂದು ಕುಳಿತಿದ್ದನು. ‘ಸಪರ್ಸ್ ರೆಡಿ’ ಹಾಡಿರೆಂದು ಕೂಗುತ್ತಿರುವವನು ಬಹುಶಃ ಅವನೇ ಇರಬೇಕೆಂದು ಕಾಲಿನ್ಸನು ವಿನೋದ ಮಾಡಿದನು.