ಬಿರುಗಾಳಿಯಲ್ಲಿ ನಿಲ್ಲದ ಹಾಡು

ಭಯ ಬೇರೆ, ಚಿಂತೆ ಬೇರೆ. ಹಾವು ಕಂಡಾಗ ಹುಟ್ಟುವುದು ಭಯ. ಹಾವು ಇದ್ದೀತೆಂದು ಇರುಳೆಲ್ಲ ದೀಪ ಹಚ್ಚಿಕೊಂಡು ಕೂಡುವುದು ಚಿಂತೆ. ಮೊದಲನೆಯದು ಬಂದ ದಾರಿಯಲ್ಲಿಯೇ ಹೋದೀತು. ಎರಡನೆಯದು ಕರೆಯದೆ ಬಂದ ನೆಂಟನಂತೆ ಮನೆಯಲ್ಲಿಯೇ ಠಿಕಾಣಿ ಹೂಡುತ್ತದೆ. ಭಗವದ್ಗೀತೆಯ 16ನೆಯ ಅಧ್ಯಾಯವು ದೈವೀ ಸಂಪತ್ತನ್ನು ಎಣಿಸುವಾಗ ಅಭಯವನ್ನೇ ಮೊದಲು ಹೇಳುವುದನ್ನು ತಾವು ಗಮನಿಸಿರಬಹುದು. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳಿನ ಚಿಂತೆಯನ್ನು ನಾಳೆಗೇ ಬಿಡುವಂತೆ ಬೋಧಿಸುತ್ತಾನೆ. ಬೋಧೆಯೇನೋ ಸರಿ. ಆದರೆ ಅದನ್ನು ಓದಿ, ಒಪ್ಪಿ, ಊರಿಗೆಲ್ಲ ಉಪದೇಶಿಸಿದವನ ಎದೆಯಲ್ಲಿಯೇ ಭಯ ಕುಳಿತಿದ್ದರೆ? ಇಂಗ್ಲೆಂಡಿನ ಜಾನ್ ವೆಸ್ಲಿಗೆ ಒದಗಿದ ಪ್ರಶ್ನೆ ಇದೇ. ಆತ ಅದನ್ನು ಮುಚ್ಚಿಡದೆ ತನ್ನ ದಿನಚರಿಯಲ್ಲಿ ಬರೆದಿಟ್ಟ.

ವೆಸ್ಲಿಯ ಹೆಸರು ನಮ್ಮವರಿಗೆ ಹೊಸದಲ್ಲ. ಮೈಸೂರಿನ ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟದ ಹಳೆಯ ಕನ್ನಡ ಪುಸ್ತಕಗಳನ್ನು ಕೈಯಲ್ಲಿ ಹಿಡಿದವರು ಅದನ್ನು ಮುಖಪುಟದಲ್ಲಿಯೇ ಕಂಡಿರುತ್ತಾರೆ.

1735ರ ಅಕ್ಟೋಬರಿನಲ್ಲಿ ಆತ ಅಮೆರಿಕದ ಜಾರ್ಜಿಯಕ್ಕೆ ಹೊರಟು ಸಿಮಂಡ್ಸ್ ಎಂಬ ಹಡಗನ್ನೇರಿದ. ವಯಸ್ಸು 32. ಆಕ್ಸ್‌ಫರ್ಡಿನ ವಿದ್ವಾಂಸ, ದೀಕ್ಷೆ ಪಡೆದ ಪಾದ್ರಿ, ಉಪವಾಸ ಪ್ರಾರ್ಥನೆಗಳಲ್ಲಿ ಕಟ್ಟುನಿಟ್ಟಿನವನು. ಅದೇ ಹಡಗಿನಲ್ಲಿ ಮೊರೇವಿಯ ಪಂಥದ 26 ಮಂದಿ ಜರ್ಮನರಿದ್ದರು. ಅವರೊಡನೆ ಮಾತನಾಡಲೆಂದೇ ವೆಸ್ಲಿ ಜರ್ಮನ್ ಭಾಷೆ ಕಲಿಯತೊಡಗಿದ. ಇತರ ಪ್ರಯಾಣಿಕರು ಕೀಳೆಂದು ಮುಟ್ಟದ ಕೆಲಸಗಳನ್ನು ಅವರು ಕೂಲಿಯಿಲ್ಲದೆ ಮಾಡಿಕೊಡುತ್ತಿದ್ದರು. ಯಾರಾದರೂ ನೂಕಿದರೆ, ಹೊಡೆದರೆ, ಎದ್ದು ಸುಮ್ಮನೆ ಹೋಗುತ್ತಿದ್ದರು. ಇಷ್ಟೆಲ್ಲ ಸೈರಣೆಯುಳ್ಳವರಲ್ಲಿ ಸಾವಿನ ಭಯವೂ ನೀಗಿರಬಹುದೇ ಎಂಬ ಕುತೂಹಲ ಆತನಿಗೆ.

1736ರ ಜನವರಿ 25, ಭಾನುವಾರ ಸಂಜೆ. ಜರ್ಮನರು ಪ್ರಾರ್ಥನೆಗೆ ಕುಳಿತು ಕೀರ್ತನೆಯೊಂದನ್ನು ಹಾಡುತ್ತಿದ್ದರು. ಅಷ್ಟರಲ್ಲಿ ಸಮುದ್ರ ಹಡಗಿನ ಮೇಲೆ ಮುರಿದು ಬಿದ್ದಿತು. ದೊಡ್ಡ ಹಾಯಿ ಚೂರುಚೂರಾಯಿತು. ನೀರು ಒಳಮಾಳಿಗೆಗೆ ಸುರಿಯಿತು. ಇಂಗ್ಲಿಷರು ಚೀರಿಕೊಂಡರು. ಜರ್ಮನರು ಒಮ್ಮೆ ತಲೆಯೆತ್ತಿ ನೋಡಿ ಹಾಡನ್ನು ಮುಂದುವರಿಸಿದರು. ಮರುಕಾಲದಲ್ಲಿ ವೆಸ್ಲಿ ಅವರಲ್ಲೊಬ್ಬನನ್ನು ಹೆದರಿಕೆಯಾಗಲಿಲ್ಲವೆ ಎಂದು ಕೇಳಿದ. ದೇವರ ದಯೆಯಿಂದ ಇಲ್ಲವೆಂದು ಉತ್ತರ ಬಂತು. ಹೆಂಗಸರು ಮಕ್ಕಳಿಗೋ ಎಂದರೆ, ಅವರಿಗೂ ಸಾವಿನ ಅಂಜಿಕೆಯಿಲ್ಲವೆಂದ.

ಇಲ್ಲೊಂದು ಸೂಕ್ಷ್ಮವುಂಟು. ಭಯವನ್ನು ಓಡಿಸಲೆಂದು ಅವರು ಹಾಡತೊಡಗಿದವರಲ್ಲ. ಮೊದಲೇ ಹಾಡುತ್ತಿದ್ದರು, ನಿಲ್ಲಿಸಲಿಲ್ಲ, ಅಷ್ಟೆ. ಅವರ ಹಿರಿಯರು ಧರ್ಮಕ್ಕಾಗಿ ಮನೆಮಾರು ತೊರೆದು ಬಂದವರು. 1722ರಲ್ಲಿ ಸ್ಯಾಕ್ಸನಿಯ ಕೌಂಟ್ ಜಿನ್ಜೆಂಡಾರ್ಫನ ಜಮೀನಿನಲ್ಲಿ ಹೆರ್ನ್‌ಹುಟ್ ಎಂಬ ಊರನ್ನು ಕಟ್ಟಿಕೊಂಡವರು. ದಿನಕ್ಕೊಂದು ವೇದವಾಕ್ಯವನ್ನು ಹಿಡಿದು ಬದುಕುವುದು ಅಲ್ಲಿಯ ರೂಢಿ. ಆ ವಾಕ್ಯಗಳ ಪುಸ್ತಕ 1731ರಿಂದ ಅಚ್ಚಾಗುತ್ತಿದೆ, ಇಂದಿಗೂ ನಿಂತಿಲ್ಲ. ಬಿರುಗಾಳಿಯ ದಿನ ಕೈಗೆ ಸಿಕ್ಕಿದ ಧೈರ್ಯ ಶಾಂತವಾದ ದಿನಗಳಲ್ಲಿ ಕೂಡಿಸಿಟ್ಟದ್ದು. ಅದೂ ಒಬ್ಬೊಬ್ಬರಾಗಿಯಲ್ಲ, ಒಟ್ಟಾಗಿ.

ವೆಸ್ಲಿಯ ಬಳಿ ವಿದ್ಯೆಯಿತ್ತು, ನೇಮವಿತ್ತು. ಆದರೂ ಸಾಯಲು ಮನಸ್ಸಿರಲಿಲ್ಲ. ಜಾರ್ಜಿಯದಲ್ಲಿ ಸ್ಪಾಂಗೆನ್‌ಬರ್ಗ್ ಎಂಬ ಮೊರೇವಿಯ ಹಿರಿಯ ಆತನನ್ನು, ನೀನು ಕ್ರಿಸ್ತನನ್ನು ಬಲ್ಲೆಯಾ ಎಂದು ಕೇಳಿದ. ಆತ ಲೋಕರಕ್ಷಕನೆಂದು ಬಲ್ಲೆನೆಂದ ವೆಸ್ಲಿ. ನಿನ್ನನ್ನು ರಕ್ಷಿಸಿದನೆಂದು ಬಲ್ಲೆಯಾ ಎಂದು ಮರುಪ್ರಶ್ನೆ. ಏನೋ ಉತ್ತರ ಕೊಟ್ಟನಾದರೂ ಅವು ಬರಿಯ ಮಾತುಗಳೆಂದು ತನ್ನೊಳಗೇ ಅಳುಕಿದ.

ಕನ್ನಡದ ವ್ಯಾಕರಣ ಇಲ್ಲಿ ನಮಗೆ ನೆರವಾಗುತ್ತದೆ. 'ಮಳೆ ಬರುತ್ತದೆಂದು ನಂಬಿದ್ದೇನೆ' ಎನ್ನುವುದು ಒಂದು. 'ಮಳೆಯನ್ನು ನಂಬಿದ್ದೇನೆ' ಎನ್ನುವುದು ಇನ್ನೊಂದು. ಮೊದಲನೆಯ ಮಾತನ್ನು ಪೇಟೆಯವನೂ ಆಡಬಹುದು. ಎರಡನೆಯದನ್ನು ಬಿತ್ತನೆಯ ಬೀಜವನ್ನು ಮಣ್ಣಿಗೆ ಹಾಕಿದ ರೈತನೇ ಆಡಬೇಕು. ವೆಸ್ಲಿಯ ನಂಬಿಕೆ ಆಗ ಮೊದಲನೆಯ ಬಗೆಯದು. ಭಯವನ್ನು ಅಲುಗಿಸುವುದು ಎರಡನೆಯದು.

1738ರಲ್ಲಿ ಸೋತ ಮನಸ್ಸಿನಿಂದ ಆತ ಇಂಗ್ಲೆಂಡಿಗೆ ಮರಳಿದ. ಆ ವರ್ಷದ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದಕ್ಕೆ ಹೋದ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಗೆ ಲೂಥರನ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದರು. ಒಂಬತ್ತಕ್ಕೆ ಕಾಲುಗಂಟೆಯಿರುವಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದೂ ರಕ್ಷಣೆ ತನಗೂ ಸಂದಿತೆಂಬ ಭರವಸೆ ಹುಟ್ಟಿತೆಂದೂ ಬರೆದಿದ್ದಾನೆ. ಇಲ್ಲಿಗೇ ಕಥೆ ಮುಗಿಸುವವರು ಬಹಳ. ದಿನಚರಿ ಮುಗಿಸುವುದಿಲ್ಲ. ಅಂದಿನ ರಾತ್ರಿಯೇ ಸಂಶಯಗಳು ಬಂದು ಕಾಡಿದವು. 1739ರ ಜನವರಿಯಲ್ಲಿಯೂ ತಾನು ಕ್ರೈಸ್ತನೇ ಅಲ್ಲವೆಂದು ಬರೆದುಕೊಂಡ. ನಂಬಿದೊಡನೆ ಅಂಜಿಕೆ ಬೇರುಸಹಿತ ಹೋಗುತ್ತದೆಂದು ಹೇಳುವವರು ಈ ಪುಟಗಳನ್ನು ಓದಿರಲಾರರು.

ನಿದ್ದೆ ಊಟಗಳನ್ನು ಕದಿಯುವ ಚಿಂತೆ ಕಾಯಿಲೆಯೂ ಆಗಿರಬಹುದು, ಅದಕ್ಕೆ ವೈದ್ಯರುಂಟು. ನಂಬಿಕೆಯುಳ್ಳವನು ಔಷಧ ಮುಟ್ಟಬಾರದೆಂಬ ಮಾತು ವೆಸ್ಲಿಯದಲ್ಲ. 1747ರಲ್ಲಿ ಬಡವರಿಗೆಂದು ಮನೆಮದ್ದಿನ ಪುಸ್ತಕವನ್ನೇ ಆತ ಪ್ರಕಟಿಸಿದ.

ಹಾಗಾದರೆ ಬದಲಾದದ್ದೇನು? 1743ರ ಅಕ್ಟೋಬರಿನಲ್ಲಿ ವೆಡ್ನ್ಸ್‌ಬರಿ ಎಂಬ ಊರಿನಲ್ಲಿ ದೊಂಬಿಯ ಜನ ಆತನನ್ನು ಹಿಡಿದು, ಮಳೆಯಲ್ಲಿ, ಕತ್ತಲೆಯಲ್ಲಿ, ಗಂಟೆಗಟ್ಟಲೆ ಎಳೆದಾಡಿದರು. ಒಂದು ಕೈಯ ಚರ್ಮ ಸುಲಿಯಿತು, ಅಂಗಿ ಹರಿಯಿತು. ತನ್ನ ಓದುವ ಕೋಣೆಯಲ್ಲಿ ಕುಳಿತಷ್ಟೇ ಮನಸ್ಸು ಸ್ತಿಮಿತವಾಗಿತ್ತೆಂದು ಆತ ಬರೆಯುತ್ತಾನೆ. ಈ ಕ್ಷಣದಲ್ಲಿದ್ದಾಗ ಮುಂದಿನ ಕ್ಷಣದ ಯೋಚನೆ ಬರಲಿಲ್ಲವಂತೆ. ಬಂದದ್ದು ಒಂದೇ ಒಂದು ಸಲ: ತನ್ನನ್ನು ಹೊಳೆಗೆ ಎಸೆದರೆ ಜೇಬಿನಲ್ಲಿದ್ದ ಕಾಗದಗಳು ನೆನೆದು ಹೋಗುತ್ತವಲ್ಲಾ ಎಂದು. ತಾನಂತೂ ಈಜಿ ದಡ ಸೇರಬಲ್ಲೆನೆಂಬ ಭರವಸೆ ಇತ್ತು. ಕೋಟು ತೆಳುವಾಗಿತ್ತು, ಬೂಟುಗಳೂ ಹಗುರವಾಗಿದ್ದವು.